ರಿಪೋರ್ಟಿನಲ್ಲಿ ಕೆಂಪಾಗದ ಸಾಲು

ಕಳೆದ ತಿಂಗಳು ಇನ್‌ಬಾಕ್ಸಿಗೆ ಬಂದ ಪ್ರಶ್ನೆಗಳಲ್ಲಿ ಒಂದು ರಾತ್ರಿ 2.40ಕ್ಕೆ ಕಳಿಸಿದ್ದು. ಬರೆದವರು ಮಗುವಿನ ಅಪ್ಪ. "ಮೇಡಂ, ನಮ್ಮ ಮಗಳು 29 ವಾರಕ್ಕೇ ಹುಟ್ಟಿದ್ಲು, 1,140 ಗ್ರಾಂ. ಏಳು ವಾರ ಎನ್‌ಐಸಿಯುನಲ್ಲಿದ್ಲು. ಮನೆಗೆ ಬಂದು ಹತ್ತು ದಿನ ಆಯ್ತು. ಫಾಲೋಅಪ್‌ಗೆ ಬೇಕು ಅಂದಿದ್ರು ಅಂತ ಹತ್ತಿರದ ಲ್ಯಾಬಲ್ಲೇ ಬ್ಲಡ್ ಟೆಸ್ಟ್ ಮಾಡಿಸಿದ್ವಿ. ಎಎಲ್‌ಪಿ 846 ಅಂತ ಕೆಂಪಕ್ಷರದಲ್ಲಿ ಬಂದಿದೆ. ಗೂಗಲ್ ಮಾಡಿದ್ರೆ ಲಿವರ್ ಪ್ರಾಬ್ಲಂ ಅಂತಿದೆ. ಹೆಂಡತಿಗೆ ಇನ್ನೂ ಹೇಳಿಲ್ಲ. ಏನು ಆಹಾರ ಕೊಡಬೇಕು?"

ಜೊತೆಗೆ ರಿಪೋರ್ಟಿನ ಫೋಟೋ ಇತ್ತು. ನಾನು ಕೆಂಪು ಸಾಲನ್ನು ಬಿಟ್ಟು ಕೆಳಗೆ ಹುಡುಕಿದೆ. ಫಾಸ್ಫರಸ್ 3.4. ಅದು ಕಪ್ಪಕ್ಷರದಲ್ಲೇ ಇತ್ತು. ಪಕ್ಕದಲ್ಲಿ ಲ್ಯಾಬಿನವರು ಛಾಪಿಸಿದ್ದ ಸಾಮಾನ್ಯ ಮಟ್ಟ 2.5ರಿಂದ 4.5. ಅಂದರೆ ಕಂಪ್ಯೂಟರ್ ಲೆಕ್ಕದಲ್ಲಿ ಎಲ್ಲ ಸರಿ. ಆದರೆ ಆ 2.5–4.5 ದೊಡ್ಡವರ ಲೆಕ್ಕ. ನಿಮ್ಮದು, ನನ್ನದು. ಎಳೆ ಮಕ್ಕಳ ರಕ್ತದಲ್ಲಿ ಫಾಸ್ಫರಸ್ ಇದಕ್ಕಿಂತ ಜಾಸ್ತಿ ಇರಬೇಕು, ಅದರಲ್ಲೂ ಮೂಳೆ ಕಟ್ಟಿಕೊಳ್ಳುವ ಕೆಲಸ ಅರ್ಧಕ್ಕೇ ನಿಂತಿರುವ ಮಗುವಿಗೆ. ಅವಧಿಗೆ ಮುಂಚೆ ಹುಟ್ಟಿದ ಮಗುವಿನಲ್ಲಿ ಈ ಸಂಖ್ಯೆ 4ಕ್ಕಿಂತ ಕೆಳಗಿಳಿದು ಅಲ್ಲೇ ಉಳಿದರೆ ಫಾಸ್ಫರಸ್ ಕೊಡುವ ಬಗ್ಗೆ ಯೋಚಿಸಬೇಕು ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2013ರಲ್ಲೇ ಹೇಳಿದೆ. 5.5ರ ಆಸುಪಾಸಿಗೆ ಇಳಿದಾಗಲೇ ಎಚ್ಚರವಾಗುವ ಡಾಕ್ಟರುಗಳೂ ಇದ್ದಾರೆ.

ನಾನು ಡಯೆಟಿಷಿಯನ್, ಡಾಕ್ಟರ್ ಅಲ್ಲ. ಹಾಗಾಗಿ ಆ ರಾತ್ರಿ ಬರೆದಿದ್ದು ಮೂರೇ ಸಾಲು: ನಾಳೆ ಬೆಳಗ್ಗೆಯೇ ಎನ್‌ಐಸಿಯು ಡಾಕ್ಟರಿಗೆ ಎರಡೂ ಸಂಖ್ಯೆ ತೋರಿಸಿ, ಎಎಲ್‌ಪಿ ಜೊತೆ ಫಾಸ್ಫರಸ್ ಕೂಡ. ಹಾಲು ನಿಲ್ಲಿಸಬೇಡಿ, ನೀವಾಗಿಯೇ ಏನನ್ನೂ ಶುರು ಮಾಡಬೇಡಿ. ಹೆಂಡತಿಗೆ ಹೇಳಿ. ಉದ್ದದ ಉತ್ತರ ಇಲ್ಲಿದೆ, ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ. ಇಂಥ ಪ್ರಶ್ನೆ ಬರುವುದು ಅವರೊಬ್ಬರಿಂದಲೇ ಅಲ್ಲ. 2020ರ ಅಂದಾಜಿನ ಪ್ರಕಾರ ಆ ಒಂದು ವರ್ಷದಲ್ಲಿ ಭಾರತದಲ್ಲಿ 30 ಲಕ್ಷ ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟಿದ್ದಾರೆ. ಜಗತ್ತಿನಲ್ಲಿ ಬೇರೆ ಯಾವ ದೇಶದಲ್ಲೂ ಇಷ್ಟಿಲ್ಲ. ಅವರಲ್ಲಿ ಎಲ್ಲರಿಗೂ ಮೂಳೆಯ ತೊಂದರೆ ಬರುವುದಿಲ್ಲ. 28 ವಾರಕ್ಕಿಂತ ಮುಂಚೆ ಅಥವಾ 1.5 ಕೆಜಿಗಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ, ವಾರಗಟ್ಟಲೆ ರಕ್ತನಾಳದ ಮೂಲಕವೇ ಪೋಷಣೆ ಪಡೆದವರಿಗೆ ಅಪಾಯ ಹೆಚ್ಚು. 35–36 ವಾರಕ್ಕೆ ಎರಡೂಕಾಲು ಕೆಜಿ ಹುಟ್ಟಿದ ಮಗುವಿನ ಅಮ್ಮ ಇದನ್ನು ಓದಿ ಹೆದರಬೇಕಿಲ್ಲ.

ಮೊದಲು ಆ ಕೆಂಪು ಸಾಲಿನ ವಿಷಯ ಮುಗಿಸಿಬಿಡೋಣ. ಎಎಲ್‌ಪಿ ಅಂದರೆ ಆಲ್ಕಲೈನ್ ಫಾಸ್ಫಟೇಸ್, ಒಂದು ಕಿಣ್ವ. ಅದು ಲಿವರಿನಲ್ಲೂ ಇದೆ, ಮೂಳೆ ಕಟ್ಟುವ ಜೀವಕೋಶಗಳಲ್ಲೂ ಇದೆ. ದೊಡ್ಡವರಲ್ಲಿ ಮೂಳೆ ಕೆಲಸ ಬಹುತೇಕ ಮುಗಿದಿರುತ್ತದೆ, ಹಾಗಾಗಿ ಎಎಲ್‌ಪಿ ಏರಿದರೆ ಡಾಕ್ಟರು ಮೊದಲು ಲಿವರ್ ಕಡೆ ನೋಡುತ್ತಾರೆ. ಗೂಗಲ್ ಹೇಳುವುದೂ ಅದನ್ನೇ. ಮಗುವಿನಲ್ಲಿ ಹಗಲೂ ರಾತ್ರಿ ಮೂಳೆ ಕಟ್ಟುವ ಕೆಲಸ ನಡೆಯುತ್ತಿರುತ್ತದೆ. ಆರೋಗ್ಯವಂತ ಮಗುವಿನ ಎಎಲ್‌ಪಿಯೇ ದೊಡ್ಡವರ ಮಿತಿಯನ್ನು ಎರಡು ಮೂರು ಪಟ್ಟು ದಾಟಬಹುದು. ಆದರೆ 500 ದಾಟಿ ವಾರದಿಂದ ವಾರಕ್ಕೆ ಏರುತ್ತಾ ಹೋದರೆ, ಕೆಲಸಗಾರರು ಜಾಸ್ತಿ ಇದ್ದಾರೆ, ಸಾಮಾನು ಸಾಕಾಗುತ್ತಿಲ್ಲ ಅಂತ ಅರ್ಥ ಇರಬಹುದು. 800–1,000 ದಾಟಿದರೆ ಎಕ್ಸ್‌ರೇ ತೆಗೆಸಿ ನೋಡಿ ಅನ್ನುವುದು ಅದೇ ಅಕಾಡೆಮಿಯ ಸಲಹೆ. ಹಾಗಂತ ಲಿವರ್ ಮಾತೇ ಇಲ್ಲ ಅಂತಲ್ಲ. ಡ್ರಿಪ್‌ನಲ್ಲಿ ಬಹಳ ದಿನ ಪೋಷಣೆ ಪಡೆದ ಮಕ್ಕಳಲ್ಲಿ ಲಿವರ್ ಕೂಡ ಸೊರಗಿರಬಹುದು. ಅದನ್ನು ಬೇರೆ ಮಾಡಿ ನೋಡುವ ಪರೀಕ್ಷೆಗಳಿವೆ, ಡಾಕ್ಟರ್ ನೋಡುತ್ತಾರೆ.

ಈಗ ಸಾಮಾನು ಯಾಕೆ ಸಾಲಲಿಲ್ಲ ಅನ್ನುವ ಪ್ರಶ್ನೆ.

ಹೊಟ್ಟೆಯೊಳಗಿನ ಮಗು ಮೂಳೆಗೆ ಬೇಕಾದ ಕ್ಯಾಲ್ಸಿಯಂ, ಫಾಸ್ಫರಸ್ಸನ್ನು ಒಂಬತ್ತು ತಿಂಗಳಿಗೂ ಸಮನಾಗಿ ಹಂಚಿಕೊಂಡು ತೆಗೆದುಕೊಳ್ಳುವುದಿಲ್ಲ. ಮೊದಲ ಆರು ತಿಂಗಳು ಬರೀ ಚೌಕಟ್ಟು. ಸುಮಾರು ಶೇಕಡಾ 80ರಷ್ಟು ಖನಿಜ ಸೇರುವುದು ಕೊನೆಯ ಮೂರು ತಿಂಗಳಲ್ಲಿ. ಆ ಹೊತ್ತಲ್ಲಿ ಕರುಳಬಳ್ಳಿಯ ಮೂಲಕ ಮಗುವಿನ ಒಂದೊಂದು ಕಿಲೋ ತೂಕಕ್ಕೆ ದಿನಕ್ಕೆ 100ರಿಂದ 130 ಮಿಲಿಗ್ರಾಂ ಕ್ಯಾಲ್ಸಿಯಂ, 60ರಿಂದ 75 ಮಿಲಿಗ್ರಾಂ ಫಾಸ್ಫರಸ್ ಹರಿದು ಬರುತ್ತದೆ. ದಿನ ತುಂಬಿ ಹುಟ್ಟಿದ ಮಗುವಿನ ಮೈಯಲ್ಲಿ ಒಟ್ಟು ಕ್ಯಾಲ್ಸಿಯಂ ಸುಮಾರು 30 ಗ್ರಾಂ, ಒಂದು ಸಣ್ಣ ಮುಷ್ಟಿಗೂ ಕಡಿಮೆ. 29 ವಾರಕ್ಕೆ ಹುಟ್ಟಿದವಳು ಅದರ ಬಹುಪಾಲನ್ನು ಪಡೆಯುವ ಮೊದಲೇ ಬಳ್ಳಿ ಕತ್ತರಿಸಿದೆ. ಪ್ಲಾಸ್ಟರಿಂಗ್ ಆಗದ ಮನೆಗೆ ಗೃಹಪ್ರವೇಶ ಮಾಡಿದ ಹಾಗೆ. ವಾಸ ಶುರುವಾಗಿದೆ, ಗೋಡೆ ಕೆಲಸ ಇನ್ನು ಮುಂದೆ ನಡೆಯಬೇಕು.

ಅದರ ಮೇಲೆ ಎನ್‌ಐಸಿಯುನ ದಿನಗಳು. ಮೊದಲ ದಿನಗಳಲ್ಲಿ ಹಾಲು ಮಿಲಿ ಲೆಕ್ಕದಲ್ಲಿ. ರಕ್ತನಾಳದ ಮೂಲಕ ಕೊಡುವ ದ್ರವದಲ್ಲಿ ಕ್ಯಾಲ್ಸಿಯಂ, ಫಾಸ್ಫರಸ್ ಎರಡನ್ನೂ ಬೇಕಾದಷ್ಟು ಹಾಕಲು ಆಗುವುದಿಲ್ಲ, ಜಾಸ್ತಿಯಾದರೆ ಅವೆರಡೂ ಸೇರಿ ಬಾಟಲಿಯಲ್ಲೇ ಗಟ್ಟಿಯಾಗಿ ತಳ ಕಟ್ಟುತ್ತವೆ. ಶ್ವಾಸಕೋಶಕ್ಕೆಂದು ಕೊಡುವ ಫ್ಯೂರೊಸಮೈಡ್ ಮೂತ್ರದಲ್ಲಿ ಕ್ಯಾಲ್ಸಿಯಂ ಹೊರಹಾಕುತ್ತದೆ. ಸ್ಟೆರಾಯ್ಡ್ ಮೂಳೆ ಕಟ್ಟುವುದನ್ನು ನಿಧಾನ ಮಾಡುತ್ತದೆ. ಇವೆಲ್ಲ ಜೀವ ಉಳಿಸಿದ ಚಿಕಿತ್ಸೆಗಳೇ. ಯಾರ ತಪ್ಪೂ ಅಲ್ಲ.

ತಪ್ಪು ಹೊರಿಸುವ ಕೆಲಸ ಮಾತ್ರ ಮನೆಗಳಲ್ಲಿ ಶುರುವಾಗಿರುತ್ತೆ. "ನಿನ್ ಹಾಲು ನೀರು ನೀರು ಇದೆ ಕಣೇ, ಅದ್ರಲ್ಲಿ ಸತ್ವ ಎಲ್ಲಿ? ಡಬ್ಬಿ ಹಾಲು ಹಾಕು." ವಾರ್ಡಿನ ಹೊರಗೆ ಕುಳಿತ ಅತ್ತೆ, ಕೆಲವು ಸಲ ಸ್ವಂತ ತಾಯಿಯೇ ಹೀಗೆ ಅನ್ನುವುದನ್ನು ಎಷ್ಟು ಸಲ ಕೇಳಿದ್ದೇನೋ. ಸೊಸೆ ಬಾಯಿ ಬಿಡಲ್ಲ, ಪಂಪ್ ತೆಗೆದು ಬ್ಯಾಗಿಗೆ ಹಾಕಿಬಿಡ್ತಾಳೆ. ಎರಡು ದಿನದಲ್ಲಿ ಹಾಲು ಕಡಿಮೆಯಾಗುತ್ತೆ. ನನ್ನ ಪ್ರಕಾರ ಈ ವಿಷಯದಲ್ಲಿ ನಡೆಯುವ ಅತಿ ದೊಡ್ಡ ಅನ್ಯಾಯ ಇದು, ಯಾಕಂದರೆ ಆ ಮಾತಿನಲ್ಲಿ ಅರ್ಧ ಸತ್ಯ ಇದೆ. ಅರ್ಧ ಸತ್ಯಕ್ಕೆ ಎದುರು ಮಾತಾಡೋದು ಕಷ್ಟ.

ಲೆಕ್ಕ ನೋಡಿ. ಎದೆಹಾಲಿನ 100 ಮಿಲಿಯಲ್ಲಿ ಕ್ಯಾಲ್ಸಿಯಂ 25–30 ಮಿಲಿಗ್ರಾಂ, ಫಾಸ್ಫರಸ್ 15 ಮಿಲಿಗ್ರಾಂ ಒಳಗೆ. ಪುಟ್ಟ ಮಗು ದಿನಕ್ಕೆ ಕಿಲೋಗೆ 160 ಮಿಲಿ ಕುಡಿದರೆ ಅದಕ್ಕೆ ಸಿಗುವುದು 45ರ ಆಸುಪಾಸು ಕ್ಯಾಲ್ಸಿಯಂ, 20–24 ಫಾಸ್ಫರಸ್. ಯುರೋಪಿನ ಮಕ್ಕಳ ಪೋಷಣಾ ತಜ್ಞರ ಸಂಘ 2022ರಲ್ಲಿ ಇಂಥ ಮಕ್ಕಳಿಗೆ ಹೇಳಿರುವುದು ಕಿಲೋಗೆ 120ರಿಂದ 200 ಕ್ಯಾಲ್ಸಿಯಂ, 70ರಿಂದ 115 ಫಾಸ್ಫರಸ್. ಅರ್ಧದಷ್ಟೂ ಸಿಗದ ಲೆಕ್ಕ. ಇದು ನಿಮ್ಮ ಹಾಲಿನ ಕೊರತೆಯಲ್ಲ. ಜಗತ್ತಿನ ಯಾವ ತಾಯಿಯ ಹಾಲು ತೆಗೆದು ನೋಡಿದರೂ ಇಷ್ಟೇ. ಆ ಹಾಲು ದಿನ ತುಂಬಿದ, ಮೂಳೆಯಲ್ಲಿ ಖನಿಜ ತುಂಬಿಕೊಂಡೇ ಬಂದ ಮಗುವಿಗೆ ಅಳತೆ ಮಾಡಿದಂತಿದೆ.

ಡಬ್ಬಿ ಹಾಲು ಪರಿಹಾರ ಅಲ್ಲವಾ ಅಂದರೆ, ಮಾಮೂಲಿ ಡಬ್ಬಿಯೂ ದಿನ ತುಂಬಿದ ಮಗುವಿಗೆಂದೇ ಮಾಡಿದ್ದು, ಅದರಲ್ಲೂ ಈ ಲೆಕ್ಕ ಕೂಡಿಬರಲ್ಲ. ಜೊತೆಗೆ ಎದೆಹಾಲು ಸಿಗದ ಅವಧಿಪೂರ್ವ ಮಕ್ಕಳಿಗೆ ಎನ್‌ಇಸಿ ಎಂಬ ಕರುಳಿನ ಗಂಭೀರ ಕಾಯಿಲೆಯ ಅಪಾಯ ಹೆಚ್ಚು. ಆ ಕಾಯಿಲೆ ಕಂಡವರು ಎದೆಹಾಲು ಬಿಡಿಸುವ ಮಾತಾಡಲ್ಲ. ತಾಯಿಯ ಹಾಲು ಸಾಲದಿದ್ದಾಗ ದಾನಿಗಳ ಹಾಲು ಕೊಡುವ ವ್ಯವಸ್ಥೆ ಮುಂಬೈನ ಸಯನ್ ಆಸ್ಪತ್ರೆಯಲ್ಲಿ 1989ರಲ್ಲೇ ಶುರುವಾಯಿತು, ಡಾ. ಆರ್ಮಿಡಾ ಫರ್ನಾಂಡಿಸ್ ಅವರಿಂದ. ಏಷ್ಯಾದ ಮೊದಲ ಹಾಲಿನ ಬ್ಯಾಂಕ್ ಅದು. (ಸೋಯಾ ಫಾರ್ಮುಲಾ ಕೊಡಬಹುದಾ ಅಂತ ವೀಗನ್ ದಂಪತಿಯೊಬ್ಬರು ಕೇಳಿದ್ದರು. ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ ಬೇಡ. ಮೂಳೆಯ ಕಾರಣಕ್ಕೇ ಬೇಡ.)

ಹಾಗಾದರೆ ದಾರಿ? ಎದೆಹಾಲಿಗೇ ಸೇರಿಸುವುದು. ಎನ್‌ಐಸಿಯುನಲ್ಲಿ ನರ್ಸ್ ನಿಮ್ಮ ಹಾಲಿಗೆ ಒಂದು ಪುಟ್ಟ ಪ್ಯಾಕೆಟ್ ಪುಡಿ ಬೆರೆಸಿ ಟ್ಯೂಬಿನಲ್ಲೋ ಒಳಲೆಯಲ್ಲೋ ಕೊಡುತ್ತಿದ್ದರಲ್ಲ, ಅದು ಫಾರ್ಟಿಫೈಯರ್. ಪ್ರೋಟೀನ್, ಕ್ಯಾಲ್ಸಿಯಂ, ಫಾಸ್ಫರಸ್, ವಿಟಮಿನ್‌ಗಳು ಅದರಲ್ಲಿರುತ್ತವೆ. ಎಲ್ಲ ಪುಟ್ಟ ಮಕ್ಕಳಿಗೂ ಕೊಡಲೇಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದಿಲ್ಲ. 32 ವಾರಕ್ಕಿಂತ ಮುಂಚೆ ಅಥವಾ 1.5 ಕೆಜಿಗಿಂತ ಕಡಿಮೆ ತೂಕದಲ್ಲಿ ಹುಟ್ಟಿ ಎದೆಹಾಲು ಕುಡಿಯುವವರಿಗೆ ಪರಿಗಣಿಸಬಹುದು ಅನ್ನುವುದು ಅದರ 2022ರ ಮಾತು. ಪುಡಿ ಎಷ್ಟು ಮಿಲಿಗೆ ಎಷ್ಟು ಅನ್ನುವುದು ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬದಲಾಗುತ್ತದೆ. ಒಂದು ಕಂಪನಿಯ ಅಳತೆಯಲ್ಲಿ ಇನ್ನೊಂದು ಕಂಪನಿಯದನ್ನು ಬೆರೆಸಬೇಡಿ. ಬೇಗ ತೂಕ ಬರಲಿ ಅಂತ ಡಬಲ್ ಹಾಕುವವರಿದ್ದಾರೆ, ಆ ಗಟ್ಟಿ ಹಾಲು ಎಳೆ ಕರುಳಿಗೆ ಅಪಾಯ.

ಎಡವಟ್ಟು ಆಗುವುದು ಹೆಚ್ಚಾಗಿ ಡಿಸ್ಚಾರ್ಜ್ ದಿನ. ಬಿಲ್ಲು, ಇನ್ಶೂರೆನ್ಸ್, ಕಾರ್ ಸೀಟು, ದೃಷ್ಟಿ ತೆಗೆಯೋದು, ಇದರ ನಡುವೆ ಹಾಲಿನ ಪುಡಿ ನಿಲ್ಲಿಸಬೇಕಾ ಮುಂದುವರಿಸಬೇಕಾ ಅಂತ ಕೇಳೋಕೆ ಯಾರಿಗೂ ನೆನಪಿರಲ್ಲ. ಆಸ್ಪತ್ರೆಯಲ್ಲಿ ದಿನಕ್ಕೆ ಎಂಟು ಸಲ ಬೆರೆಸುತ್ತಿದ್ದದ್ದು ಮನೆಗೆ ಬಂದ ದಿನ ಸೊನ್ನೆ. ಮಗು ಎದೆಗೆ ಕಚ್ಚಿಕೊಂಡು ಕುಡಿಯೋಕೆ ಕಲಿತಿರುತ್ತೆ, ಎಲ್ಲರಿಗೂ ಖುಷಿ. ಮೂಳೆಯ ಈ ತೊಂದರೆ ಸಾಮಾನ್ಯವಾಗಿ ತಲೆಯೆತ್ತುವುದು ಹುಟ್ಟಿದ ಆರರಿಂದ ಹನ್ನೆರಡು ವಾರದ ನಡುವೆ, ಅಂದರೆ ಸರಿಯಾಗಿ ಇದೇ ಹೊತ್ತಿಗೆ. ಹೊರಗೆ ಏನೂ ಕಾಣಿಸದು. ಮಗು ಅಳಲ್ಲ, ಜ್ವರ ಇಲ್ಲ, ತೂಕವೂ ಏರುತ್ತಿರುತ್ತದೆ. ಎಕ್ಸ್‌ರೇ ಕೂಡ ಮೂಳೆಯ ಖನಿಜ ಶೇಕಡಾ 20–40ರಷ್ಟು ಕಡಿಮೆಯಾಗುವ ತನಕ ಸುಮ್ಮನಿರುತ್ತದೆ. ಮೊದಲು ಮಾತಾಡುವುದು ರಕ್ತ. ಅದಕ್ಕೇ ನಾಲ್ಕೈದು ವಾರದಿಂದ ಶುರುಮಾಡಿ ಎಎಲ್‌ಪಿ, ಫಾಸ್ಫರಸ್ ನೋಡುತ್ತಾ ಹೋಗುವುದು. ಡಿಸ್ಚಾರ್ಜ್ ಹಾಳೆ ಕೈಗೆ ಬಂದಾಗ ಕೊನೆಯ ಸಲ ಈ ಎರಡು ಎಷ್ಟಿತ್ತು, ಮುಂದಿನ ಟೆಸ್ಟ್ ಯಾವತ್ತು ಅಂತ ಕೇಳಿ ಅದರ ಮೇಲೇ ಬರೆಸಿಕೊಳ್ಳಿ. ಹೊರಗಿನ ಲ್ಯಾಬಿಗೆ ಹೋದರೆ ಮಗುವಿನ ವಯಸ್ಸು ಸರಿಯಾಗಿ ನಮೂದಿಸಿದ್ದಾರಾ ನೋಡಿ, ಆದರೂ ಪಕ್ಕದಲ್ಲಿರುವ ನಾರ್ಮಲ್ ರೇಂಜನ್ನು ನೆಚ್ಚಿಕೊಳ್ಳಬೇಡಿ.

ಇನ್ನು ಕ್ಯಾಲ್ಸಿಯಂ ಸಿರಪ್. ಮೂಳೆ ಅಂದ ಕೂಡಲೇ ನಮಗೆ ನೆನಪಾಗುವುದು ಕ್ಯಾಲ್ಸಿಯಂ ಒಂದೇ. ಮೆಡಿಕಲ್ ಶಾಪಿನಲ್ಲಿ "ಮಗುಗೆ ಕ್ಯಾಲ್ಸಿಯಂ ಕೊಡಿ" ಅಂದರೆ ಗುಲಾಬಿ ಬಣ್ಣದ ಒಂದು ಬಾಟಲಿ ಬರುತ್ತೆ. ಆದರೆ ಮೂಳೆ ಇಟ್ಟಿಗೆಯೊಂದರಿಂದಲೇ ಏಳಲ್ಲ, ಗಾರೆ ಬೇಕು. ಫಾಸ್ಫರಸ್ ಇಲ್ಲದೆ ಕ್ಯಾಲ್ಸಿಯಂ ಕೂರುವ ಜಾಗ ಸಿಗದೆ ಮೂತ್ರದಲ್ಲಿ ಹೊರಟು ಹೋಗುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ನೋಡಿದರೆ ನಾರ್ಮಲ್ ಅಂತಲೇ ಬರುತ್ತೆ, ಯಾಕಂದರೆ ಕಡಿಮೆಯಾದಾಗಲೆಲ್ಲ ದೇಹ ಮೂಳೆಯಿಂದಲೇ ಕಿತ್ತು ರಕ್ತಕ್ಕೆ ಹಾಕುತ್ತದೆ. "ಕ್ಯಾಲ್ಸಿಯಂ ನಾರ್ಮಲ್ ಇದೆ, ಮೂಳೆ ಸರಿ ಇದೆ" ಅಂತ ನೆಮ್ಮದಿಯಾಗಿರೋಕೆ ಆಗದಿರುವುದು ಇದಕ್ಕೇ.

ಬಾಟಲಿಯ ಹಿಂದೆ ತಿರುಗಿಸಿ ಓದಿ. ಕ್ಯಾಲ್ಸಿಯಂ ಕಾರ್ಬೊನೇಟ್ ಅಂತಿದ್ದರೆ ಅದರಲ್ಲಿ ಫಾಸ್ಫರಸ್ ಇಲ್ಲ. ಕ್ಯಾಲ್ಸಿಯಂ ಫಾಸ್ಫೇಟ್ ಅಂತಿದ್ದರೆ ಎರಡೂ ಇದೆ. ಡಾಕ್ಟರ್ ಬರೆದ ಹೆಸರು ಸಿಗದೆ "ಇದೂ ಅದೇ ಸರ್" ಅಂತ ಅಂಗಡಿಯವರು ಬೇರೆ ಕೊಟ್ಟರೆ ಈ ಒಂದು ಪದ ನೋಡಿ, ಡಾಕ್ಟರಿಗೆ ಫೋಟೋ ಕಳಿಸಿ ಕೇಳಿ. ಹಾಗಂತ ಬರೀ ಫಾಸ್ಫೇಟ್ ಕೊಟ್ಟರಾಯಿತು ಅಂತಲೂ ಅಲ್ಲ. ಕೆಲವು ಮಕ್ಕಳಲ್ಲಿ ನಿಜವಾದ ಕೊರತೆ ಕ್ಯಾಲ್ಸಿಯಂನದೇ ಆಗಿರುತ್ತದೆ, ಅಂಥವರಿಗೆ ಫಾಸ್ಫೇಟ್ ಒಂದನ್ನೇ ಕೊಟ್ಟರೆ ಮೂಳೆಯಿಂದ ಇನ್ನಷ್ಟು ಕ್ಯಾಲ್ಸಿಯಂ ಹೊರಬರುತ್ತೆ. ಯಾವುದು ಅಂತ ತಿಳಿಯಲು ಪಿಟಿಎಚ್ ಎಂಬ ಹಾರ್ಮೋನ್ ಪರೀಕ್ಷೆ ಇದೆ. ಮೊದಲು ಹೇಳಿದ ಮಗುವಿಗೆ ಡಾಕ್ಟರು ಅದನ್ನೂ ಮಾಡಿಸಿದರು. ಮನೆಗೆ ಬಂದ ಮೇಲೆ ನಿಂತುಹೋಗಿದ್ದ ಪುಡಿಯನ್ನು ದಿನಕ್ಕೆ ಕೆಲವು ಸಲ ಹಿಂಡಿದ ಹಾಲಿಗೆ ಬೆರೆಸಿ ಕೊಡುವಂತೆ, ಉಳಿದ ಹೊತ್ತು ನೇರ ಎದೆಗೆ ಹಾಕುವಂತೆ ಹೇಳಿದರು, ಜೊತೆಗೆ ಒಂದು ಸಿರಪ್, ಎರಡು ವಾರಕ್ಕೆ ಮತ್ತೆ ಟೆಸ್ಟ್. ಫಾಸ್ಫರಸ್ ಈಗ ಏರುತ್ತಿದೆ. ಎಎಲ್‌ಪಿ ನಿಧಾನ, ಅದು ಇಳಿಯುವುದೇ ಹಾಗೆ.

ವಿಟಮಿನ್ ಡಿ ಬಗ್ಗೆ ಒಂದಿಷ್ಟು ವಿವರವಾಗಿಯೇ ಬರೆಯಬೇಕು, ಯಾಕಂದರೆ ಇಲ್ಲಿ ಕಡಿಮೆ ಕೊಡುವ ತಪ್ಪಿಗಿಂತ ಜಾಸ್ತಿ ಕೊಡುವ ತಪ್ಪು ಭಯ ಹುಟ್ಟಿಸುತ್ತದೆ. ಎದೆಹಾಲಲ್ಲಿ ವಿಟಮಿನ್ ಡಿ ತೀರಾ ಕಡಿಮೆ. ನಮ್ಮ ದೇಶದಲ್ಲಿ ಎಲ್ಲ ಶಿಶುಗಳಿಗೂ ಮೊದಲ ವರ್ಷ ದಿನಕ್ಕೆ 400 ಯೂನಿಟ್ ಅನ್ನುವುದು ಭಾರತೀಯ ಮಕ್ಕಳ ವೈದ್ಯರ ಸಂಘದ ಸಲಹೆ. ಅವಧಿಪೂರ್ವ ಮಕ್ಕಳ ವಿಷಯದಲ್ಲಿ ಅಮೆರಿಕದವರದ್ದು ಒಂದು ಅಂಕಿ, ಯುರೋಪಿನವರದ್ದು ಅದಕ್ಕಿಂತ ಹೆಚ್ಚಿನದು, ಆದರೂ ಯುರೋಪಿನವರೂ ದಿನಕ್ಕೆ 1,000 ಯೂನಿಟ್ ದಾಟಬೇಡಿ ಅನ್ನುತ್ತಾರೆ. ಹಾಲಿನ ಪುಡಿಯಲ್ಲೂ ವಿಟಮಿನ್ ಡಿ ಇರುತ್ತೆ, ಅದನ್ನೂ ಕೂಡಿಸಿ ಡಾಕ್ಟರ್ ಡೋಸ್ ಬರೆಯುತ್ತಾರೆ.

ಈಗ ಅಡುಗೆಮನೆ ಶೆಲ್ಫಿನ ಹತ್ತಿರ ಹೋಗಿ ಆ ಡ್ರಾಪ್ಸ್ ಬಾಟಲಿ ತನ್ನಿ. ನಮ್ಮಲ್ಲಿ ಮಿಲಿಗೆ 400 ಯೂನಿಟ್ ಇರುವುದೂ ಸಿಗುತ್ತದೆ, ಮಿಲಿಗೆ 800 ಇರುವುದೂ ಸಿಗುತ್ತದೆ. ಡಬ್ಬಿ, ಬಣ್ಣ, ಡ್ರಾಪರ್ ಹೆಚ್ಚೂಕಡಿಮೆ ಒಂದೇ ಥರ. ಡಾಕ್ಟರ್ ಚೀಟಿಯಲ್ಲಿ "1 ಮಿಲಿ" ಅಂತ ಇದ್ದು ಅಂಗಡಿಯವರು ಬಾಟಲಿ ಬದಲಿಸಿ ಕೊಟ್ಟರೆ ಡೋಸ್ ಡಬಲ್ ಆಯಿತು, ಅಥವಾ ಅರ್ಧ ಆಯಿತು. ಹಳೆ ಬಾಟಲಿಯ ಡ್ರಾಪರ್ ಹೊಸ ಬಾಟಲಿಗೆ ಹಾಕಿದರೂ ಇದೇ ಕಥೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2010ರಲ್ಲಿ ಡ್ರಾಪರ್‌ಗಳ ಬಗ್ಗೆಯೇ ಎಚ್ಚರಿಕೆ ಹೊರಡಿಸಬೇಕಾಯಿತು. ಡೋಸನ್ನು ಮಿಲಿಯಲ್ಲಲ್ಲ, ಯೂನಿಟ್‌ನಲ್ಲಿ ನೆನಪಿಟ್ಟುಕೊಳ್ಳಿ. "ದಿನಕ್ಕೆ ಇಷ್ಟು ಯೂನಿಟ್" ಅಂತ ಫ್ರಿಜ್ ಬಾಗಿಲಿಗೆ ಬರೆದು ಅಂಟಿಸಿ, ಕೊಟ್ಟ ಮೇಲೆ ಟಿಕ್ ಹಾಕಿ. ಇಲ್ಲದಿದ್ದರೆ ಆಫೀಸಿಗೆ ಹೊರಡುವ ಅಪ್ಪ ಒಂದು ಸಲ, ಸ್ನಾನ ಆದಮೇಲೆ ಅಜ್ಜಿ ಒಂದು ಸಲ ಕೊಟ್ಟಿರುತ್ತಾರೆ.

ಇನ್ನೊಂದು ಇದೆ. ನಮ್ಮಂಥವರು ವಾರಕ್ಕೊಂದು ಕುಡಿಯುವ 60,000 ಯೂನಿಟ್‌ನ ಪುಟ್ಟ ಬಾಟಲಿ. ಅದು ದಿನಕ್ಕೆ 400ರಂತೆ 150 ದಿನದ ಡೋಸ್. ಮಕ್ಕಳ ಔಷಧಿ ಇರುವ ಡಬ್ಬಿಯಲ್ಲಿ ಅದು ಇರಲೇಬಾರದು. ವಿಟಮಿನ್ ಡಿ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮಗು ವಾಂತಿ ಮಾಡುತ್ತೆ, ಹಾಲು ಬಿಡುತ್ತೆ, ಮಲಬದ್ಧತೆ ಆಗುತ್ತೆ, ಕಿಡ್ನಿಯಲ್ಲಿ ಕ್ಯಾಲ್ಸಿಯಂ ಕಟ್ಟಿಕೊಳ್ಳಬಹುದು.

"ನಾವೆಲ್ಲ ಯಾವ ಡ್ರಾಪ್ಸ್ ಹಾಕಿದ್ವಿ? ಎಳೆ ಬಿಸಿಲಿಗೆ ಹಿಡಿದ್ರೆ ಸಾಕು" ಅನ್ನುವ ಅಜ್ಜಿಗೆ ಏನು ಹೇಳೋದು? ಎಳೆ ಬಿಸಿಲು ಹಿತವಾಗಿದ್ದರೂ ಅದರಲ್ಲಿ ವಿಟಮಿನ್ ಡಿ ಮಾಡುವ ಕಿರಣ ಕಡಿಮೆ. ಸೂರ್ಯ ಕೆಳಗಿರುವಾಗ ಆ ಕಿರಣಗಳು ಗಾಳಿಯ ಪದರದಲ್ಲೇ ಸೋಸಿಹೋಗುತ್ತವೆ. ಅಪಾರ್ಟ್‌ಮೆಂಟಿನ ಗಾಜಿನ ಕಿಟಕಿ ಹಿಂದೆ ಕೂತರಂತೂ ಏನೂ ಸಿಗಲ್ಲ. ಮಧ್ಯಾಹ್ನದ ಬಿಸಿಲಿಗೆ ಎರಡು ಕೆಜಿ ಮಗುವನ್ನು ಯಾರೂ ಹಿಡಿಯಬಾರದು. ಅಜ್ಜಿ ಬೆಳಗ್ಗೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಬಾಲ್ಕನಿಯಲ್ಲಿ ಕೂರಲಿ ಬಿಡಿ, ಅದು ಇಬ್ಬರಿಗೂ ಒಳ್ಳೇದು. ಡ್ರಾಪ್ಸ್ ಮಾತ್ರ ತಪ್ಪಿಸಬೇಡಿ.

ರಾಗಿ ಪ್ರಶ್ನೆ ಪ್ರತಿ ಸಲ ಬರುತ್ತೆ. 100 ಗ್ರಾಂ ರಾಗಿಯಲ್ಲಿ 340–360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ನಮ್ಮ ಧಾನ್ಯಗಳಲ್ಲಿ ಇದಕ್ಕೆ ಸಾಟಿ ಇಲ್ಲ. ಬಾಣಂತಿ ರಾಗಿ ಅಂಬಲಿ, ಮುದ್ದೆ, ಹಾಲು, ಎಳ್ಳು ಎಲ್ಲ ಚೆನ್ನಾಗಿ ತಿನ್ನಲಿ. ಆದರೆ ಅವಳು ತಿಂದ ಕ್ಯಾಲ್ಸಿಯಂ ಹಾಲಿನಲ್ಲಿ ಜಾಸ್ತಿಯಾಗಿ ಬರಲ್ಲ. ಹಾಲಿನ ಕ್ಯಾಲ್ಸಿಯಂ ಮಟ್ಟವನ್ನು ದೇಹ ಹೇಗಾದರೂ ಕಾಪಾಡಿಕೊಳ್ಳುತ್ತದೆ, ಬೇಕಿದ್ದರೆ ತಾಯಿಯ ಮೂಳೆಯಿಂದಲೇ ತೆಗೆದು. ಆದ್ದರಿಂದ ಅವಳ ಊಟ ಅವಳಿಗಾಗಿ, ಮಗುವಿನ ರಿಪೋರ್ಟಿಗಾಗಿ ಅಲ್ಲ. ಇನ್ನು ಮೂರು ತಿಂಗಳ ಮಗುವಿಗೆ ನೀರಾಗಿ ರಾಗಿ ಸರಿ ಮಾಡಿ ಕುಡಿಸೋದು ಬೇಡವೇ ಬೇಡ. ಪುಟ್ಟ ಹೊಟ್ಟೆ ಅದರಲ್ಲೇ ತುಂಬಿ ಹಾಲು ಕಡಿಮೆಯಾಗುತ್ತೆ, ರಾಗಿಯಲ್ಲಿರುವ ಫೈಟೇಟ್ ಖನಿಜವನ್ನು ಕಟ್ಟಿಹಾಕುತ್ತೆ.

ಇದೆಲ್ಲ ಬಾಯಿಂದ ಒಳಗೆ ಹೋಗುವುದರ ಮಾತಾಯಿತು. ಮೈ ಮುಟ್ಟುವುದರ ಬಗ್ಗೆ ಹೇಳದೆ ಬಿಡೋ ಹಾಗಿಲ್ಲ, ಮೂಳೆ ಸಡಿಲ ಇರುವ ಮಗುವಿಗೆ ಮನೆಯಲ್ಲಿ ಪೆಟ್ಟಾಗುವುದು ಅಲ್ಲೇ.

ನಮ್ಮ ಬಾಣಂತನದಲ್ಲಿ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವುದಕ್ಕೆ ಅಂತಲೇ ಕೈ ಪಳಗಿದವರು ಇರುತ್ತಾರೆ. ಕಾಲ ಮೇಲೆ ಮಲಗಿಸಿಕೊಂಡು ಕೈ ಕಾಲು ಎಳೆದು, ಅಡ್ಡಡ್ಡ ಮಡಚಿ, ಮೂಗು ತೀಡಿ, ಕೊನೆಗೆ ಕಾಲು ಹಿಡಿದು ತಲೆಕೆಳಗು ಮಾಡುವವರೂ ಇದ್ದಾರೆ. "ಮೂಳೆ ಗಟ್ಟಿಯಾಗ್ಲಿ ಅಂತ ಕಣವ್ವ" ಅನ್ನುವುದು ಅವರ ಸಮಾಧಾನ. ದಿನ ತುಂಬಿದ ಮಕ್ಕಳಿಗೂ ನಾನು ಎಳೆದಾಟ ಬೇಡ ಅನ್ನುವವಳೇ. ಆದರೆ ಎಎಲ್‌ಪಿ 846 ಇರುವ ಮಗುವಿನ ತೊಡೆಮೂಳೆ, ಪಕ್ಕೆಲುಬು ಇಂಥ ಸಾಮಾನ್ಯ ಎಳೆತಕ್ಕೇ ಮುರಿಯಬಹುದು. ಹಾಗಾದಾಗ ಕೆಲವೊಮ್ಮೆ ಊತವೂ ಇರಲ್ಲ. ಮಗು ಒಂದು ಕೈ ಅಲ್ಲಾಡಿಸುವುದು ನಿಲ್ಲಿಸಿರುತ್ತೆ, ಎತ್ತಿಕೊಂಡಾಗ ಕಿರುಚುತ್ತೆ, ಅಷ್ಟೆ. ಇಂಥದ್ದು ಕಂಡರೆ ಎಣ್ಣೆ ನೀವದೆ ಸೀದಾ ಆಸ್ಪತ್ರೆಗೆ ಹೋಗಿ, ಹುಟ್ಟಿದ ವಾರ, ತೂಕ ಮೊದಲೇ ಹೇಳಿ.

ಎಣ್ಣೆ ಬಿಡಬೇಕಿಲ್ಲ. ತೂಕ ಬಂದು ಡಾಕ್ಟರ್ ಸರಿ ಅಂದ ಮೇಲೆ ಅಂಗೈಯಿಂದ ಮೆಲ್ಲಗೆ ಸವರಿದರೆ ಸಾಕು. ನೀರು ಹಾಕುವ ಅಜ್ಜಿಗೆ ಸೊಸೆ ಹೇಳಿದರೆ ಮನಸ್ಸು ಕಹಿಯಾಗುತ್ತೆ, ಗೊತ್ತು. ಆ ಕೆಲಸ ಗಂಡನಿಗೆ ವಹಿಸಿ. "ಅಜ್ಜಿ, ಇವಳು ಎರಡೂವರೆ ತಿಂಗಳು ಮುಂಚೆ ಬಂದವಳು, ಮೂಳೆ ಇನ್ನೂ ಹಸಿ ಇದೆಯಂತೆ, ಎಳೀಬೇಡಿ ಅಂದಿದ್ದಾರೆ ಡಾಕ್ಟ್ರು" ಅಂದರೆ ಬಹಳಷ್ಟು ಅಜ್ಜಿಯಂದಿರಿಗೆ ಅರ್ಥವಾಗುತ್ತದೆ. ಹಸಿ ಅನ್ನುವ ಪದ ಅವರಿಗೆ ಖನಿಜ ಸಾಂದ್ರತೆಗಿಂತ ಚೆನ್ನಾಗಿ ಗೊತ್ತು.

ಅಜ್ಜಿಯರಷ್ಟೇ ನಾವೂ ಮಾಡುತ್ತೇವೆ. ಡಯಾಪರ್ ಬದಲಿಸುವಾಗ ಎರಡೂ ಕಾಲು ಹಿಡಿದು ಸೊಂಟ ಮೇಲೆತ್ತುತ್ತೇವಲ್ಲ, ಅದು ಬೇಡ. ಮಗುವನ್ನು ಮೆಲ್ಲಗೆ ಪಕ್ಕಕ್ಕೆ ಹೊರಳಿಸಿ ಡಯಾಪರ್ ಸರಿಸಿ. ಎತ್ತುವಾಗ ಕಂಕುಳಲ್ಲಿ ಹಿಡಿದು ಎಳೆಯದೆ ಒಂದು ಕೈ ತಲೆ–ಭುಜದ ಕೆಳಗೆ, ಇನ್ನೊಂದು ಸೊಂಟದ ಕೆಳಗೆ.

ಹಾಗಂತ ಅಲ್ಲಾಡಿಸದೆ ಇಡುವುದೂ ಮೂಳೆಗೆ ಒಳ್ಳೆಯದಲ್ಲ. ಹೊಟ್ಟೆಯೊಳಗಿರುವಾಗ ಮಗು ಗರ್ಭಕೋಶದ ಗೋಡೆಗೆ ಒದ್ದೂ ಒದ್ದೂ ಮೂಳೆ ಗಟ್ಟಿಮಾಡಿಕೊಳ್ಳುತ್ತದೆ. ಒದೆಯಲು ಗೋಡೆ ಇಲ್ಲದಿರುವುದು ಮುಂಚೆ ಹುಟ್ಟಿದ ಮಗುವಿನ ಇನ್ನೊಂದು ನಷ್ಟ. ಆಸ್ಪತ್ರೆಗಳಲ್ಲಿ ತರಬೇತಾದವರು ದಿನಕ್ಕೆ ಕೆಲವು ನಿಮಿಷ ಮಕ್ಕಳ ಕೈಕಾಲನ್ನು ಮೃದುವಾಗಿ ಮಡಿಸಿ ಬಿಡಿಸುವ ವ್ಯಾಯಾಮ ಪರೀಕ್ಷಿಸಿ ನೋಡಿದ್ದಾರೆ. ಸ್ವಲ್ಪ ಲಾಭ ಕಂಡಿದೆ, ಎಲ್ಲರಿಗೂ ಕಡ್ಡಾಯ ಮಾಡುವಷ್ಟಲ್ಲ. ಯೂಟ್ಯೂಬ್ ನೋಡಿ ಮನೆಯಲ್ಲಿ ಮಾಡುವಂಥದ್ದಂತೂ ಅಲ್ಲವೇ ಅಲ್ಲ. ಕಾಲು ಒದೆಯಲು ಜಾಗ ಬಿಟ್ಟು ಸಡಿಲವಾಗಿ ಬಟ್ಟೆ ಸುತ್ತಿ. ಕಾಂಗರೂ ಆರೈಕೆ ಮುಂದುವರಿಸಿ, ಎದೆಗೆ ಎದೆ, ಚರ್ಮಕ್ಕೆ ಚರ್ಮ. ಇದು ನೇರವಾಗಿ ಮೂಳೆಗೆ ಮಾಡುವ ಔಷಧಿಯಲ್ಲ, ಆದರೆ ಹಾಲು ಹೆಚ್ಚಾಗುತ್ತೆ, ತೂಕ ಏರುತ್ತೆ. ಅಪ್ಪಂದಿರೂ ಮಾಡಬಹುದು, ಲ್ಯಾಪ್‌ಟಾಪ್ ಪಕ್ಕಕ್ಕಿಟ್ಟು.

ಕೊನೆಗೆ ಎಲ್ಲರೂ ಕೇಳುವುದು, ಮುಂದೆ ಏನಾಗುತ್ತೆ? ಬೇಕಾದ ಖನಿಜ ಸಿಕ್ಕರೆ ಹೆಚ್ಚಿನ ಮಕ್ಕಳ ಮೂಳೆ ಬೆಳೆಯುತ್ತಾ ಬೆಳೆಯುತ್ತಾ ಸರಿಹೋಗುತ್ತದೆ. ಸಣ್ಣ ಬಿರುಕುಗಳೂ ಬೇಗ ಕೂಡಿಕೊಳ್ಳುತ್ತವೆ. ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ 1.5 ಕೆಜಿಗಿಂತ ಕಡಿಮೆ ಹುಟ್ಟಿದವರನ್ನು ಯೌವನಕ್ಕೆ ಬಂದ ಮೇಲೆ ಪರೀಕ್ಷಿಸಿ ನೋಡಿದ್ದಾರೆ, ಓರಗೆಯವರಿಗಿಂತ ಅವರ ಮೂಳೆ ಸಾಂದ್ರತೆ ಕಡಿಮೆ ಕಂಡಿದೆ. ಅಂದರೆ ಎರಡು ತಿಂಗಳ ಸಿರಪ್ ಮುಗಿದ ಮೇಲೂ ಈ ಮಕ್ಕಳಿಗೆ ಆಟ, ಓಟ, ಹಾಲು ಮೊಸರು, ಆರು ತಿಂಗಳಾದ ಮೇಲೆ ಆ ರಾಗಿ ಸರಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆರು ತಿಂಗಳು ಅಂದರೆ ಹುಟ್ಟಿದ ದಿನದಿಂದಲೋ ಡ್ಯೂ ಡೇಟ್‌ನಿಂದಲೋ ಅನ್ನುವುದು ಒಳ್ಳೆ ಪ್ರಶ್ನೆ. ನಾಲ್ಕು ಜನ ಕಳಿಸಿದ್ದೀರಿ, ಮುಂದಿನ ಸಲ ಅದನ್ನೇ ಬರೆಯುತ್ತೇನೆ.

ರಿಪೋರ್ಟ್ ಫೋಟೋ ಕಳಿಸುವವರು ಮಗುವಿನ ಹೆಸರು, ಆಸ್ಪತ್ರೆ ನಂಬರ್ ಮುಚ್ಚಿ ಕಳಿಸಿ. ಎಷ್ಟು ವಾರಕ್ಕೆ ಹುಟ್ಟಿದ್ದು, ಎಷ್ಟು ತೂಕ, ಈಗ ಎಷ್ಟು ವಾರ, ಯಾವ ಹಾಲು, ಯಾವ ಡ್ರಾಪ್ಸ್ ಎಷ್ಟು ಯೂನಿಟ್ ಅಂತ ಬರೆಯಿರಿ. ಮಗು ಹಾಲು ಬಿಟ್ಟಿದ್ದರೆ, ಕೈಕಾಲು ಆಡಿಸದಿದ್ದರೆ ನನಗೆ ಬರೆಯುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.